ಏಳುನೂರಾ ಎಪ್ಪತ್ತೈದು ಪಿನ್ನು

ಕೈಗುಣ ಇದ್ದವರ ಸುತ್ತ ಇಂಥವು ಆಗುತ್ತಲೇ ಇರುತ್ತವೆ. ಬಳ್ಳಾರಿಯಲ್ಲಿ ಮೊಟ್ಟಮೊದಲು ಕಂಪ್ಯೂಟರ್ ಬಿಚ್ಚಿದವನು ನಾನೇ. ನೋಡಿದವರು ಇಬ್ಬರಿದ್ದರು, ಇಬ್ಬರೂ ಈಗ ತೀರಿಕೊಂಡಿದ್ದಾರೆ.

೧. ಕುರುಗೋಡಿನ ಸಾಕೆಟ್

ಅದಿರು ಲಾರಿಗಳ ಕಾಲ. ಕುರುಗೋಡಿನಲ್ಲಿ ಲಾರಿ ತೂಗುವ ಕಾಟಾದ ಕಂಪ್ಯೂಟರ್ ಕೆಟ್ಟು, ಲಾರಿ ಸಾಲು ಊರು ದಾಟಿತ್ತು. ರೇಡಿಯೋ ರಿಪೇರಿಯವನು ಇದನ್ನೇನು ಮಾಡ್ಯಾನು ಅಂತ ಡ್ರೈವರುಗಳು ನಕ್ಕರು. ಇದು ನಡೆಯುವ ತನಕ ಮೀಸೆ ಮುಟ್ಟುವುದಿಲ್ಲ ಅಂತ ಅಲ್ಲೇ ಆಣೆ ಇಟ್ಟೆ.

ಬಿಚ್ಚಿದರೆ ಪ್ರೊಸೆಸರ್ ಸತ್ತಿತ್ತು. ನನಗೆ ಅಕ್ಷರ ಬರದು, ಅಂಕಿ ಬರುತ್ತವೆ. ಅದು ಕೂರುವ ಸಾಕೆಟ್ಟಿನ ಮೇಲೆ ೭೭೫ ಅಂತಿತ್ತು, ಅಂದರೆ ಅಷ್ಟು ಪಿನ್ನಿನದು. ಈ ಸಾಕೆಟ್ಟಿಗೆ ಹೊಂದುವ ಮಾಲೇ ಬೇಕು ಅಂದೆ. ಕಾಟಾದ ಸಾಹುಕಾರ ಬಳ್ಳಾರಿಗೆ ಹೋಗಿ, ಗೋಡೆಗೆ ಬಡಿಯುವ ಕರೆಂಟಿನ ಸಾಕೆಟ್ ತಂದ.

“ಇದಕ್ಕ ಮೂರೇ ತೂತು ಅದಾವಲ್ರಿ. ನಮಗ ಬೇಕಾಗಿದ್ದು ಏಳುನೂರಾ ಎಪ್ಪತ್ತೈದು.”

“ಅಷ್ಟು ತೂತಿಂದು ಅಂದ್ರ ಮನ್ಯಾಗ ಜರಡಿ ಐತಿ, ತರ್ಲೇನ್ರಿ?” ಅಂದ.

೨. ಸಿರುಗುಪ್ಪದ ಅಕ್ಕಿ

ಸಿರುಗುಪ್ಪದ ಅಕ್ಕಿ ಮಿಲ್ಲೊಂದರಲ್ಲಿ ಎರಡು ಕಂಪ್ಯೂಟರ್ ಸುಮ್ಮನೆ ಬಿದ್ದಿವೆ ಅಂತ ಕೇಳಿ ಬಸ್ ಹತ್ತಿದೆ. ಹಳೆಯದರ ಪ್ರೊಸೆಸರ್ ತೆಗೆದು ಪಿನ್ನು ಎಣಿಸಿದೆ: ನಾನೂರಾ ಎಪ್ಪತ್ತೆಂಟು. ಬೇಡ ಅಂದೆ.

ಮಿಲ್ಲಿನ ಮಾಲೀಕ ಬಿಡಲಿಲ್ಲ. “ಕಡಿಮಿ ಇದ್ರ ಚಲೋ ಅಲ್ಲೇನ್ರಿ? ಪಾವು ಅಕ್ಕಿ ಸೇರಿನ್ಯಾಗ ಹಿಡಿಯಾಂಗಿಲ್ಲೇನು?”

“ಹಿಡಿತೈತ್ರಿ. ಆದ್ರ ಇಲ್ಲಿ ಒಂದೊಂದು ಅಕ್ಕಿಕಾಳಿಗೂ ಅದರದ್ದೇ ಕುರ್ಚಿ ಬೇಕು.”

“ಅಕ್ಕಿಗೆ ಕುರ್ಚಿ ಹಾಕಿದ್ರ ಹಮಾಲರು ಎಲ್ಲಿ ಕುಂದ್ರಬೇಕ್ರಿ?” ಅಂತ ಗೊಣಗುತ್ತಾ ಎರಡನೆಯದನ್ನು ಬಿಚ್ಚಲು ಬಿಟ್ಟ.

೩. ಬಸ್ಸಿನ ಲೆಕ್ಕ

ಆ ಎರಡನೆಯ ಪ್ರೊಸೆಸರನ್ನು ಅಂಗೈ ಮೇಲೆ ಇಟ್ಟುಕೊಂಡು, ಓಡುವ ಬಸ್ಸಿನಲ್ಲಿ ಸೂಜಿ ಮೊನೆಯಿಂದ ಪಿನ್ನು ಎಣಿಸಿದೆ. ರಸ್ತೆಯೋ, ಬರೀ ತಗ್ಗು. ಎರಡು ಸಲ ಲೆಕ್ಕ ತಪ್ಪಿತು. ನಾನು ಬಿಡುವವನೇ? ಮೂರನೇ ಸಲ ತೆಕ್ಕಲಕೋಟೆ ದಾಟುವಾಗ ಸರಿಯಾಗಿ ಏಳುನೂರಾ ಎಪ್ಪತ್ತೈದು. ಕುರುಗೋಡಿನಲ್ಲಿ ಕೂರಿಸಿದೆ, ಕಂಪ್ಯೂಟರ್ ಎದ್ದಿತು. ಸಾಲಿನ ಲಾರಿಗಳೆಲ್ಲ ಹಾರನ್ ಹೊಡೆದವು. ನಾನು ಮೀಸೆ ತಿರುವಿದೆ.

ಮೊನ್ನೆ ಚಹಾದಂಗಡಿಯಲ್ಲಿ ಇದನ್ನು ಹೇಳುತ್ತಿದ್ದೆ. ಕಂಪ್ಯೂಟರ್ ಕಲಿಸುವ ಟೀಚರಮ್ಮ ಒಬ್ಬಳು ಪಕ್ಕದಲ್ಲಿ ಕುಂತು ಪೂರ್ತಿ ಕೇಳಿಸಿಕೊಂಡು, ಲೋಟ ಕೆಳಗಿಟ್ಟಳು.

“ತಾತ, ಹಳೇ ಪ್ರೊಸೆಸರಿಗೆ ಪಿನ್ನು ಇದ್ವು, ಖರೆ. ಏಳುನೂರಾ ಎಪ್ಪತ್ತೈದರದಕ್ಕ ಒಂದೂ ಪಿನ್ನು ಇರಾಂಗಿಲ್ಲ. ತಳದಾಗ ಬರೇ ಚುಕ್ಕಿ. ಪಿನ್ನೆಲ್ಲಾ ಬೋರ್ಡಿನ ಸಾಕೆಟ್ಟಿನ್ಯಾಗ ಇರ್ತಾವ. ಬಸ್ಸಿನ್ಯಾಗ ನೀವು ಎಣಿಸಿದ್ದು ಏನು?”

ಅಂಗಡಿಯಲ್ಲಿದ್ದವರೆಲ್ಲ ನನ್ನ ಮೀಸೆ ನೋಡಿದರು. ನಾನು ಭುಜ ಹಾರಿಸಿದೆ.

“ಅದಕ್ಕಽ ಮತ್ತ, ಎರಡು ಸಲ ಲೆಕ್ಕ ತಪ್ಪಿದ್ದು.”