ಕಿರ್ ಅನ್ನದ ಪಿಟೀಲು

ನಮ್ಮ ಮನೆಯಲ್ಲಿ ಮಿಕ್ಸಿ ಅರಚಿದರೆ ಯಾರೂ ಏನೂ ಅನ್ನುವುದಿಲ್ಲ, ಚಟ್ನಿ ಬರುತ್ತದಲ್ಲ! ನಮ್ಮ ಯಜಮಾನರ ಗೊರಕೆ ಕೇಳಿ, ಅಜ್ಜಂಪುರದ ಸ್ಟೇಷನ್ನಿಗೆ ರೈಲು ಬಂತೆಂದು ನೆಂಟರು ಗಂಟುಮೂಟೆ ಕಟ್ಟಿದ್ದುಂಟು. ಅದಕ್ಕೂ ಯಾರದೂ ತಕರಾರಿಲ್ಲ. ನಾನು ಪಿಟೀಲಿನ ಮೇಲೆ ‘ಸ’ ಎಂದು ಕಮಾನು ಎಳೆದರೆ ಮಾತ್ರ ಮನೆಮಂದಿಗೆಲ್ಲ ಹೊರಗೆ ತುರ್ತು ಕೆಲಸ ಬಂದುಬಿಡುತ್ತದೆ.

ಪಿಟೀಲು ನನ್ನದಲ್ಲ, ಕಡೂರಿಗೆ ಕೊಟ್ಟಿರುವ ನಾದಿನಿ ದೀಪಶ್ರೀಯದು. ಅವಳು ನಾಲ್ಕು ದಿನ ಕಲಿತು ಅಟ್ಟಕ್ಕೆ ಹಾಕಿದ್ದನ್ನು ನಾನು ಕೇಳಿ ತಂದುಕೊಂಡೆ. ಭಾನುವಾರಗಳಂದು ಬಸ್ಸು ಹತ್ತಿ ತರೀಕೆರೆಗೆ ಹೋಗಿ ಯೋಗಾನಂದ ಮೇಷ್ಟ್ರ ಹತ್ತಿರ ಪಾಠ. ಸರಿಗಮ ಹತ್ತಬೇಕು, ಇಳಿಯಬೇಕು, ಅಷ್ಟೇ. (ಹತ್ತುವಾಗ ನನ್ನ ಬೆರಳು ಜಾರುತ್ತದೆ, ಇಳಿಯುವಾಗ ಮೇಷ್ಟ್ರ ಮುಖವೂ ಇಳಿಯುತ್ತದೆ.) ಆದರೂ ನನಗೆ ಅದರ ಮೇಲೆ ಪ್ರಾಣ. ಮದುವೆಯಾದಾಗಿನಿಂದ ಯಾರ ಊಟತಿಂಡಿಗೂ ಸಂಬಂಧವಿಲ್ಲದ ಕೆಲಸವೊಂದನ್ನು ನಾನು ಮಾಡಿದ್ದೇ ಇದು ಮೊದಲು.

“ಪಿಟೀಲು ಕುಯ್ಯೋದು ಅಂತ ಯಾಕಂತಾರೆ ಅನ್ನೋದು ಈಗ ಗೊತ್ತಾಯ್ತು ಕಣೇ,” ಎಂದರು ಯಜಮಾನರಾದ ಶ್ರೀಮಾನ್ ಗುರುಮೂರ್ತಿಗಳು.

“ನೀವು ಬಾಯಲ್ಲಿ ಕುಯ್ಯೋದಕ್ಕಿಂತ ವಾಸಿ ಬಿಡ್ರೀ.”

ಬಾಯಲ್ಲಿ ಸೋತವರು ತಂಗಿಗೆ ಫೋನು ಹಚ್ಚಿದರು. ಅಟ್ಟದ ಧೂಳು ತಿನ್ನುತ್ತಿದ್ದ ಪಿಟೀಲಿನ ಮೇಲೆ ಅವಳಿಗೆ ಥಟ್ಟನೆ ಮಮತೆ ಉಕ್ಕಿಬಂತು. “ನನ್ ಮಗಳಿಗೆ ಬೇಕು ಅತ್ತಿಗೆ, ಶನಿವಾರ ಬಂದು ತಗಂಡೋಗ್ತೀನಿ,” ಅಂದಳು. ಕೊಡಲ್ಲ ಅಂದೆ. ಮಾತಿಗೆ ಮಾತು ಬೆಳೆದು ಕೊನೆಗೆ ಅವಳೇ ಪಣ ಒಡ್ಡಿದಳು: “ಆಯ್ತು, ಒಂದ್ಸಲಾನೂ ಕಿರ್ ಅನ್ನದಂಗೆ ಸರಿಗಮ ಹತ್ತಿ ಇಳ್ದು ತೋರಿಸ್ರಿ. ಪಿಟೀಲು ನಿಮ್ದೇ.”

ಅಲ್ಲಿಂದ ಸಾಧನೆಯೋ ಸಾಧನೆ. ಹಾಲು ಉಕ್ಕಿತು, ಸಾರು ಸೀದಿತು, ಪಕ್ಕದ ಮನೆ ವಿಮಲಮ್ಮ ಕಿಟಕಿ ಮುಚ್ಚಿಕೊಂಡರು. ಕಿರ್ ಮಾತ್ರ ಹೋಗಲಿಲ್ಲ. ಶುಕ್ರವಾರ ದೇವರ ಮುಂದೆ ಕೂತು ಅತ್ತೂಬಿಟ್ಟೆ.

ಶನಿವಾರ ದೀಪಶ್ರೀ ಬಂದು ನ್ಯಾಯಾಧೀಶೆಯಂತೆ ಕುರ್ಚಿ ಹಿಡಿದಳು. ಯಜಮಾನರು ಬಾಗಿಲಿಗೆ ಒರಗಿ ನಿಂತರು, ಅತ್ತೆ ಗೋಡೆಗೆ ಒರಗಿ ಕೂತರು. ನಾನು ಚಾಪೆಯ ಮೇಲೆ ಕೂತು ಕಮಾನು ಎಳೆದೆ. ಸದ್ದಿಲ್ಲ. ಒತ್ತಿ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ನುಣ್ಣಗೆ ಜಾರಿತು. ಆಗ ಮೂಗಿಗೆ ಹರಳೆಣ್ಣೆಯ ವಾಸನೆ ಬಡಿಯಿತು.

“ಅತ್ತೆ, ಇದಕ್ಕೇನಾದ್ರೂ ಹಚ್ಚಿದ್ರಾ?”

“ಹ್ಞೂಂ ಕಣವ್ವ,” ಎಂದರು ನಮ್ಮತ್ತೆ ಕರಿಬಸಮ್ಮನವರು. “ಬಾಗ್ಲು ಕಿರ್ ಅಂದ್ರೂ, ತೊಟ್ಲು ಕಿರ್ ಅಂದ್ರೂ ಹರಳೆಣ್ಣೆ ತಾನೆ ಬಿಡೋದು? ನೀನು ಅಳೋದು ನೋಡಕ್ಕಾಗ್ಲಿಲ್ಲ. ಬೆಳಗ್ಗೆ ಚೆನ್ನಾಗಿ ಸವರಿ ಇಟ್ಟಿದೀನಿ.”

ಕಮಾನಿನ ಕೂದಲಿಗೆ ರಾಳ ಉಜ್ಜಿದರೇ ತಂತಿ ನುಡಿಯುವುದು, ಎಣ್ಣೆ ಸೋಕಿದರೆ ಅದು ಮೂಕ. ಬಂದದ್ದು ಬರಲಿ ಎಂದು ಹಲ್ಲು ಕಚ್ಚಿ, ಆ ಮೂಕ ಪಿಟೀಲಿನಲ್ಲೇ ‘ಸ’ದಿಂದ ‘ಸ’ದವರೆಗೆ ಹತ್ತಿದೆ, ಇಳಿದೆ. ಗೋಡೆ ಗಡಿಯಾರದ ಟಿಕ್ ಟಿಕ್ ಸ್ಪಷ್ಟವಾಗಿ ಕೇಳುತ್ತಿತ್ತು.

ತೀರ್ಪು ಕೊಟ್ಟದ್ದು ಅತ್ತೆ. “ಕಿವಿಗೊಟ್ಟು ಕೇಳ್ದೆ ಕಣೇ ದೀಪಾ, ಒಂದ್ಸಲಾನೂ ಕಿರ್ ಅನ್ಲಿಲ್ಲ. ಆಡಿದ್ ಮಾತು ಉಳಿಸ್ಕೋ.”

“ಅವ್ವಾ! ಸದ್ದೇ ಬರ್ಲಿಲ್ವಲ್ಲ!”

“ಸದ್ದು ಬರ್ಬೇಕು ಅಂತ ನೀನ್ ಯಾವಾಗ ಹೇಳ್ದೆ?”

ನನಗೆ ಅತ್ತೆಯ ಕಾಲಿಗೆ ಬೀಳೋಣ ಅನ್ನಿಸಿತು. ಆದರೆ ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬುದನ್ನು ನಾನು ಮರೆತಿದ್ದೆ.

“ಆಗ್ಲಿ ಬಿಡು,” ಎಂದು ದೀಪಶ್ರೀ ಎದ್ದಳು. “ಪಿಟೀಲು ಅತ್ತಿಗೇದೇ. ಕಮಾನು ಕೊಡ್ತೀನಿ ಅಂತ ನಾನ್ ಯಾವಾಗ ಹೇಳ್ದೆ?” ಕಮಾನನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿಯೇಬಿಟ್ಟಳು.

ಈಗ ಪಿಟೀಲು ಕಾನೂನುಬದ್ಧವಾಗಿ ನನ್ನದು. ದಿನಾ ಸಂಜೆ ಕೂತು ತಂತಿಯ ಮೇಲೆ ಬರೀ ಬೆರಳು ಓಡಿಸುತ್ತೇನೆ. ಯಜಮಾನರು ಕಾಫಿ ಹಿಡಿದು ಪಕ್ಕದಲ್ಲೇ ಕೂರುತ್ತಾರೆ. ವಿಮಲಮ್ಮ ಅವರೆಕಾಯಿ ಮೊರ ತಂದು ನನ್ನ ಮುಂದೆಯೇ ಸುಲಿಯುತ್ತಾರೆ. ಅತ್ತೆಯಂತೂ ತಲೆದೂಗುತ್ತಾರೆ. ಇಷ್ಟು ತುಂಬಿದ ಸಭೆ ನಾನು ಕಂಡೇ ಇರಲಿಲ್ಲ.

ನಿನ್ನೆ ಅದೇ ಉತ್ಸಾಹದಲ್ಲಿ, “ತರೀಕೆರೆಯಲ್ಲಿ ಬರೀ ಕಮಾನೂ ಸಿಗುತ್ತಂತೆ, ಈ ಭಾನುವಾರ ತಂದ್ಬಿಡ್ಲಾ?” ಎಂದೆ.

“ಏನವಸ್ರ?” ಎಂದರು ಮೂವರೂ, ಒಂದೇ ಶ್ರುತಿಯಲ್ಲಿ.