ಜೋಡಿ ಪಾಟಿ

ಟಕ್, ಟಕ್. ಫರಸಿ ಕಲ್ಲಿನ ನೆಲದ ಮೇಲೆ ಎರಡು ಪಾಟಿಗಳು ಒಟ್ಟಿಗೇ ಇಳಿಯುವ ಸದ್ದು. ಈಗ ನನಗೆ ಬಾಗಿಲು ಬಡಿದರೂ ಕೇಳಿಸುವುದಿಲ್ಲ ಎಂದು ಮನೆಯವರ ದೂರು. ಮೂವತ್ತರ ದಶಕದ ಆ ಸ್ಲೇಟುಗಳ ಸದ್ದು ಮಾತ್ರ ಕಿವಿ ಬಿಟ್ಟು ಹೋಗಿಲ್ಲ. ಧಾರವಾಡದ ಹೆಣ್ಣುಮಕ್ಕಳ ಸರಕಾರಿ ಸಾಲೆಗೆ ನಾನು ಟೀಚರಾಗಿ ಹೋದಾಗ ನನಗೆ ಇಪ್ಪತ್ತು ವರ್ಷ. ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿ ಹೊಲಿಗೆಗೆ ಮಾರ್ಕ್ಸು, ನೆಟ್ಟಗೆ ಕೂತರೆ ಮಾರ್ಕ್ಸು, ಸೈಲೆನ್ಸಿಗೂ ಮಾರ್ಕ್ಸು. (ಸೈಲೆನ್ಸಿನಲ್ಲಿ ನನಗೆ ಯಾವಾಗಲೂ ಕಡಿಮೆ.) ಮಾರ್ಕ್ಸ್ ಬೀಳದ್ದು ವಿದ್ಯೆಯೇ ಅಲ್ಲವೆಂದು ನಂಬಿದ್ದೆ.

ಧಾರವಾಡದ ಸಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡಕ್ಕಾರು ಎನ್ನುತ್ತಿದ್ದರು. ಅವರ ಪದ್ಧತಿಯೇ ಬೇರೆ. ಪ್ರತಿ ಹುಡುಗಿಗೂ ಒಬ್ಬ ಜೋಡಿ. ಜೋಡಿಯವಳ ಲೆಕ್ಕವೂ ಆಗುವ ತನಕ ಪಾಟಿ ಕೆಳಗಿಡುವಂತಿಲ್ಲ. ನಾನು ಹೌಹಾರಿದೆ. "ದೊಡ್ಡಕ್ಕಾರ, ಇದು ಕಾಪಿ ಅಲ್ಲೇನ್ರಿ?"

"ಕಾಪಿ ಅಂದ್ರ ತೋರಿಸೂದು, ತಂಗಿ. ಇಲ್ಲೆ ಯಾರೂ ತೋರಿಸೂದಿಲ್ಲ. ಪ್ರಶ್ನಿ ಕೇಳಿ ಕೇಳಿ ಬಾಯಿ ಬಿಡಿಸ್ತಾರ."

ನನಗೆ ಒಪ್ಪಿಗೆಯಾಗಲಿಲ್ಲ. ಜೋಡಿಗಳನ್ನು ಮುರಿದೆ, ರ‍್ಯಾಂಕಿನ ಪ್ರಕಾರ ಸಾಲು ಕೂಡಿಸಿದೆ, ತಿಂಗಳಿಗೊಂದು ಟೆಸ್ಟ್ ಇಟ್ಟೆ, ಕೆಂಪು ಶಾಯಿಯಲ್ಲಿ ಪ್ರೋಗ್ರೆಸ್ ಕಾರ್ಡ್ ಬರೆದು ಮನೆಮನೆಗೂ ಕಳಿಸಿದೆ. ದೊಡ್ಡಕ್ಕಾರು ನಕ್ಕು ನನ್ನನ್ನು ನನ್ನ ಪಾಡಿಗೆ ಬಿಟ್ಟರು. ಉಳಿದ ಹುಡುಗಿಯರೆಲ್ಲ ನನ್ನ ಡಿಸಿಪ್ಲಿನ್ನಿಗೆ ಬಗ್ಗಿದರು. ಹೆಬ್ಬಳ್ಳಿಯ ಬಸವ್ವನಿಗೆ ಮಾತ್ರ ಪ್ರತಿ ತಿಂಗಳೂ ಸೊನ್ನೆ. ಹೇಳಿದ ವೇಳೆಗೆ ಆಕೆ ಪಾಟಿ ಒಪ್ಪಿಸಿದ್ದೇ ಇಲ್ಲ. 'ವೆರಿ ಸ್ಲೋ' ಎಂದು ಬರೆದೆ.

ಒಂದು ದಿನ ಆಕೆಯ ಅಪ್ಪ ಕಾರ್ಡ್ ಹಿಡಿದು, ಮಗಳನ್ನೂ ಕರೆದುಕೊಂಡು ಬಂದ. "ಅಕ್ಕಾರ, ತಪಾಸಣಿಗೆ ಬರೂ ಸಾಹೇಬ್ರ ಪರೀಕ್ಷಾದಾಗೂ ಹಿಂಗಾದ್ರ ಸಾಲಿ ಬಿಡಿಸ್ತೇನಿ ನೋಡ್ರಿ. ಹೊಲದಾಗ ಕೆಲಸ ರಗಡ ಐತಿ."

"ಕಾರ್ಡ್ ಯಾರು ಓದಿ ಹೇಳಿದ್ರು?"

"ಈಕೀನರಿ. ಒಂದ ಸೊನ್ನೀನೂ ಬಿಡಲಿಲ್ಲ."

ನನ್ನ ಕನ್ನಡಕದಲ್ಲಿ ಮಂಜು ಕವಿಯಿತು. ಆದರೂ ಬುದ್ಧಿ ಬರಲಿಲ್ಲ.

ತಪಾಸಣೆಯ ದಿನ ಡೆಪ್ಯುಟಿ ಸಾಹೇಬರು ಬಂದು, ಜೋಳದ ಚೀಲದ ಭಾಗಾಕಾರ ಕೊಟ್ಟು ಗಡಿಯಾರ ಹಿಡಿದು ನಿಂತರು. ಒಂದೊಂದೇ ಪಾಟಿ ಕೆಳಗಿಳಿಯಿತು. ಬಸವ್ವ ಮಾತ್ರ ತನ್ನದನ್ನು ಎದೆಗವಚಿಕೊಂಡು ಆಚೆ ಸಾಲು ನೋಡುತ್ತಿದ್ದಳು.

"ಟೈಮ್ ಆತು. ಪಾಟಿ ಇಡು," ಎಂದರು ಸಾಹೇಬರು.

"ಶಾಂತಾಂದು ಇನ್ನೂ ಆಗಿಲ್ಲರಿ."

ಶಾಂತಾ, ನಾನು ಮುರಿದ ಆಕೆಯ ಜೋಡಿ! ಆ ಎಲ್ಲ ಸೊನ್ನೆಗಳ ಅರ್ಥ ನನಗೆ ಒಮ್ಮೆಲೇ ತಿಳಿಯಿತು. "ಇಡ ಬಸವ್ವಾ!" ಎಂದು ಕೂಗಿದೆ. ಆಕೆ ತಲೆ ಅಲ್ಲಾಡಿಸಿದಳು.

ದೊಡ್ಡಕ್ಕಾರು ಮುಂದೆ ಬಂದರು. "ಚೂರು ತಡೀರಿ ಸಾಹೇಬ್ರ. ಗೆಳತ್ಯಾರು ಕೂಡಿ ಬಾವಿಗೆ ಹೋದಾಗ, ತನ್ನ ಕೊಡ ತುಂಬಿತಂತ ಒಬ್ಬಾಕಿ ಮನಿಗೆ ಬಂದುಬಿಡ್ತಾಳೇನ್ರಿ?"

ಸಾಹೇಬರು ದೊಡ್ಡಕ್ಕಾರನ್ನು ನೋಡಿದರು, ಬಸವ್ವನನ್ನು ನೋಡಿದರು, ಗಡಿಯಾರ ಜೇಬಿಗೆ ಹಾಕಿದರು. ಸರಕಾರ ಒಂದು ಹುಡುಗಿಗಾಗಿ ಕಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊನೆಗೆ ಶಾಂತಾ ಬರೆದು ಮುಗಿಸಿದಳು. ಎರಡು ಪಾಟಿ ಒಟ್ಟಿಗೇ ಇಳಿದವು. ಎರಡೂ ಸರಿ.

ಇಬ್ಬರನ್ನೂ ಪಾಸು ಮಾಡಿ ಸಾಹೇಬರು ನನ್ನತ್ತ ತಿರುಗಿದರು. "ಮಿಸ್, ನಿಮ್ಮ ರಜಿಸ್ಟರ್ ಛಲೋ ಐತಿ. ಆದ್ರ ಈಗ ಆದದ್ದಕ್ಕ ಕಾಲಂ ಎಲ್ಲೆ ಐತ್ರಿ?"

ಕಾಲಂ ಇರಲಿಲ್ಲ. ಮಾರನೆಯ ದಿನವೇ ಜೋಡಿಗಳನ್ನು ಮತ್ತೆ ಕೂಡಿಸಿದೆ. ಬಸವ್ವ ಸಾಲೆ ಬಿಡಲಿಲ್ಲ. ಏಳನೆಯ ಇಯತ್ತೆಯ ಕೊನೆಗೆ ಬರುವ ಸರಕಾರಿ ಮುಲ್ಕಿ ಪರೀಕ್ಷೆಗೂ ಕೂತಳು, ಪಾಸಾದಳು.

ಆಕೆಯನ್ನು ಕೊನೆಯ ಸಲ ಕಂಡದ್ದು ಆ ಪರೀಕ್ಷೆಯ ದಿನವೇ. ಉರಿಬಿಸಿಲಲ್ಲಿ ಗೇಟಿನ ಹೊರಗೆ ಬೆಳಗಿನಿಂದ ನಿಂತಿದ್ದೆ. ಹೊರಬಂದವಳಿಗೆ, "ಎಷ್ಟು ಮಾರ್ಕ್ಸ್ ಬೀಳ್ತಾವ?" ಎಂದೆ. ಆಕೆ ನನ್ನ ಮುಖ ನೋಡಿದಳು. ಹೋಗಿ ತಂಬಿಗೆ ತುಂಬ ನೀರು ತಂದಳು. "ಮೊದಲ ಕುಡೀರಿ ಅಕ್ಕಾರ. ಪರೀಕ್ಷಾ ನಂದರಿ, ಬೆವರು ನಿಮ್ಮದು!" ನಾನು ಕುಡಿದು ಮುಗಿಸುವವರೆಗೂ ಅಪ್ಪನ ಎತ್ತಿನ ಚಕ್ಕಡಿಯನ್ನು ನಿಲ್ಲಿಸಿಕೊಂಡಿದ್ದಳು.