ಕೆಂಚನ ಜೊಲ್ಲಿಗೆ ನಾನೇ ಜಾಮೀನು

ನಮ್ಮ ಮನೆಯ ಬೆಕ್ಕು ಜೊಲ್ಲು ಸುರಿಸುತ್ತದೆ. ಹೌದು, ಸುರಿಸುತ್ತದೆ. ಏನೀಗ? ಹೆಸರು ಕೆಂಚ. ತೊಡೆಯ ಮೇಲೆ ಕೂರಿಸಿಕೊಂಡು ಗದ್ದದ ಕೆಳಗೆ ಸವರಿದರೆ ಸಾಕು, ಕಣ್ಣು ಮುಚ್ಚಿ, ಗುರ್ ಗುರ್ ಎನ್ನುತ್ತಾ, ತುಟಿಯಂಚಿನಿಂದ ತೊಟ್ಟಿಕ್ಕಿಸತೊಡಗುತ್ತಾನೆ. ಅದು ಖುಷಿಯ ಜೊಲ್ಲು. ಹಳೇಬೀಡಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಟೀಚರಾದ ನನಗೆ ಅಷ್ಟೂ ಗೊತ್ತಾಗುವುದಿಲ್ಲವೆ? ಇದನ್ನು ಯಾರಿಗೆ ಬೇಕಾದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಮನವರಿಕೆ ಮಾಡಿಕೊಡಬಲ್ಲೆ ಎಂದು ನಂಬಿದ್ದೆ. ಹಾಗೆ ನಂಬುವಾಗ ನಮ್ಮತ್ತೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅತ್ತೆ ಅರಸೀಕೆರೆಯಿಂದ ಬಂದಿದ್ದರು. ಸಂಜೆ ಟೀವಿ ಮುಂದೆ ಕೂತು ಧಾರಾವಾಹಿ ನೋಡುತ್ತಿದ್ದರು. ಅದರಲ್ಲಿ ಸೊಸೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅತ್ತೆಗೆ ಬಲು ಹಿತವಾಗಿತ್ತು. ಕೆಂಚ ಮೆಲ್ಲಗೆ ಅವರ ತೊಡೆ ಏರಿದ. ಅವರು ಮೈಮರೆತು ಅವನ ತಲೆ ಸವರಿದರು, ಕಿವಿ ತಿಕ್ಕಿದರು. ಜಾಹೀರಾತು ಬಂದಾಗ ಕೆಳಗೆ ನೋಡಿದರೆ, ಹೊಸ ಸೀರೆಯ ಮೇಲೆ ಅಂಗೈಯಗಲದ ಒದ್ದೆ!

"ಅಯ್ಯಯ್ಯೋ! ಹುಚ್ಚು ಹಿಡಿದೈತೆ ಕಣೇ ಇದಕ್ಕೆ!"

"ಹುಚ್ಚಲ್ಲ ಅತ್ತೆ, ಖುಷಿ."

"ಖುಷಿಗೆ ಯಾರಾದ್ರೂ ಜೊಲ್ಲು ಸುರಿಸ್ತಾರೇನೇ? ನಾಳೆನೇ ನನ್ ಮಗ ಇದನ್ನ ಗೋಣಿಚೀಲಕ್ಕೆ ಹಾಕ್ಕೊಂಡೋಗಿ ಹುಲಿಕೆರೆ ಆಚೆ ಬಿಟ್ಟು ಬರ್ಲಿ."

ಅವರ ಮಗ, ಅಂದರೆ ನನ್ನ ಗಂಡ, ಪೇಪರಿನ ಹಿಂದೆ ಅಡಗಿ, "ಇಬ್ಬರು ಹೇಳೋದೂ ಸರಿ" ಎಂದರು. ನಮ್ಮ ಮದುವೆಯಾದಂದಿನಿಂದ ಅವರು ಹೇಳುತ್ತಿರುವುದು ಅದೊಂದೇ ಮಾತು.

ನನಗೆ ರೇಗಿತು. ಕಣ್ಣು ಬಿಡದ ಮರಿಯಾಗಿದ್ದಾಗಿನಿಂದ ಹತ್ತಿಯಲ್ಲಿ ಹಾಲು ಕುಡಿಸಿ ಸಾಕಿದವನನ್ನು ಚೀಲಕ್ಕೆ ಹಾಕುವುದೆ? "ಬೇಲೂರಿನ ಪಶು ಡಾಕ್ಟರ ಹತ್ರ ತೋರಿಸ್ಕೊಂಡು ಬರ್ತೀನಿ. ಅಲ್ಲೀವರೆಗೂ ಯಾರಾದ್ರೂ ಚೀಲ ಮುಟ್ಟಿದ್ರೆ ನೋಡಿ!" ಎಂದು ಅಬ್ಬರಿಸಿದೆ.

ಮಾರನೆಯ ದಿನ ಶನಿವಾರ. ರಜೆ ಹಾಕಿ ಹೊರಟೆ. ಕೆಂಚನನ್ನು ಒಯ್ಯಲು ಸಿಕ್ಕಿದ್ದು ದೇವಸ್ಥಾನಕ್ಕೆ ಹಣ್ಣುಕಾಯಿ ಒಯ್ಯುವ ಬಿದಿರಿನ ಬುಟ್ಟಿ. ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಎತ್ತಿಕೊಂಡೆ. ಸಾಲದ್ದಕ್ಕೆ ಅದರ ಮೇಲೆ ಶುಭ್ರವಾದ ಬಿಳಿ ಪಂಚೆ ಹೊದಿಸಿದೆ. ಬಸ್ಸಿನಲ್ಲಿ ಜನ ತಾವಾಗಿಯೇ ಸರಿದು ಜಾಗ ಕೊಟ್ಟರು! "ದೇವ್ರ ಬುಟ್ಟಿ ಕಣ್ರಲಾ, ಕಾಲು ತಾಗಿಸ್ಬೇಡಿ" ಎಂದು ಒಬ್ಬಾತ ಮಿಕ್ಕವರನ್ನು ಗದರಿದ. ಇನ್ನೊಬ್ಬರ ಭಕ್ತಿಗೆ ನಾನೇಕೆ ಅಡ್ಡಿಪಡಿಸಲಿ ಎಂದು ಸುಮ್ಮನೆ ಕೂತೆ.

ಬಸ್ಸು ಕುಲುಕಿದಾಗ ಬುಟ್ಟಿಯೊಳಗೆ ಕೆಂಚ ಗೊಣಗಿದ. ಸಮಾಧಾನ ಮಾಡಲು ಪಂಚೆಯ ಕೆಳಗೆ ಕೈ ತೂರಿಸಿ ಗದ್ದ ಸವರಿದೆ. ಸವರಿದ್ದು ಹೆಚ್ಚಾಯಿತು! ಬುಟ್ಟಿಯ ಸಂದಿಯಿಂದ ತೊಟ್ಟೊಂದು ಇಳಿದು ಪಕ್ಕದ ಅಜ್ಜಿಯ ಕೈ ಮೇಲೆ ಬಿತ್ತು.

"ತೀರ್ಥ ಸೋರ್ತಾ ಐತೆ ಕಣವ್ವ" ಎಂದರು ಅಜ್ಜಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅದನ್ನು ಕಣ್ಣಿಗೊತ್ತಿಕೊಂಡು, ನೆತ್ತಿಗೂ ಸವರಿಕೊಂಡರು. "ಇನ್ನೊಂದ್ ತೊಟ್ಟು ಕೊಡವ್ವ, ಮಂಡಿಗೆ ಹಚ್ಕೊಂತೀನಿ."

ಆಗ ತೀರ್ಥ "ಮ್ಯಾಂವ್" ಎಂದಿತು.

ಅಜ್ಜಿಯ ಮಂಡಿಯಲ್ಲಿ ಶಕ್ತಿ ಇತ್ತೋ ಇಲ್ಲವೋ, ಗಂಟಲಲ್ಲಿ ಧಾರಾಳವಾಗಿತ್ತು. ನನ್ನ ಏಳು ತಲೆಮಾರನ್ನೂ ಜಾಲಾಡಿದರು. ಕಂಡಕ್ಟರು ಸೀಟಿ ಊದಿ, "ಇಳ್ಕೊಳ್ಳಿ ಮೇಡಂ" ಎಂದರು. ಉಳಿದ ದಾರಿಯನ್ನು ಗೂಡ್ಸ್ ಆಟೋದಲ್ಲಿ, ತೆಂಗಿನಕಾಯಿ ರಾಶಿಯ ಮೇಲೆ ಕೂತು ಕ್ರಮಿಸಿದೆ. ಎಲ್ಲೆಲ್ಲಿ ನೋವಾಯಿತೆಂದು ಇಲ್ಲಿ ಬರೆಯಲಾರೆ.

ಡಾಕ್ಟರಮ್ಮ ಕೆಂಚನ ಬಾಯಿ ಬಿಡಿಸಿ ಹಲ್ಲು, ವಸಡು ಎಲ್ಲ ನೋಡಿದರು. "ಚೆನ್ನಾಗಿದಾನೆ. ಮುದ್ದು ಮಾಡಿದಾಗ ಕೆಲವು ಬೆಕ್ಕು ಹೀಗೆ ಜೊಲ್ಲು ಬಿಡ್ತವೆ. ಸುಮ್ ಸುಮ್ನೆ ಸುರಿಸ್ತಾ ಇದ್ರೆ, ಊಟ ಬಿಟ್ರೆ ಕರ್ಕೊಂಡ್ ಬನ್ನಿ" ಎಂದರು.

ಗೆದ್ದೆ! ಮನೆಗೆ ಬಂದವಳೇ ತೀರ್ಪನ್ನು ಸಾರಿದೆ. ಅತ್ತೆ ಜಗ್ಗಲಿಲ್ಲ.

"ಡಾಕ್ಟ್ರು ಹಂಗಂದ್ರು ಅಂತ ನೀನ್ ಹೇಳ್ತೀಯ. ನನ್ ಕಣ್ಣಿಗೆ ಕಾಣ್ಲಿ, ಒಪ್ಕೋತೀನಿ."

ಕಾಣಿಸದೆ ಬಿಡುತ್ತೇನೆಯೆ? ಪಕ್ಕದ ಮನೆಯ ಜಯಮ್ಮನನ್ನೂ ಸಾಕ್ಷಿಗೆ ಕರೆದು, ಕೆಂಚನನ್ನು ನಡುಮನೆಯಲ್ಲಿ ಕೂರಿಸಿಕೊಂಡು, "ಗಮನವಿಟ್ಟು ನೋಡಿ. ಪ್ರೀತಿ ಕಾರಣ, ಜೊಲ್ಲು ಪರಿಣಾಮ" ಎಂದು ಪ್ರಯೋಗ ಆರಂಭಿಸಿದೆ. ಗದ್ದ ಸವರಿದೆ, ಕಿವಿ ತಿಕ್ಕಿದೆ, ಬೆನ್ನು ನೀವಿದೆ. ಕೆಂಚ ಬಸ್ಸನ್ನೂ ಮರೆತಿರಲಿಲ್ಲ, ಬಾಯೊಳಗೆ ಬಂದ ಡಾಕ್ಟರಮ್ಮನ ಬೆರಳನ್ನೂ ಮರೆತಿರಲಿಲ್ಲ. ಗೋಡೆ ನೋಡುತ್ತಾ ಕೂತ. ಒಂದು ಹನಿ ಇಲ್ಲ! ಜಯಮ್ಮ ಆಕಳಿಸಿದರು.

"ಖುಷಿಗೇ ಸುರಿಸೋದಾದ್ರೆ ಈಗ್ಯಾಕೆ ಸುರಿಸ್ಲಿಲ್ಲ?" ಎಂದರು ಅತ್ತೆ.

"ಅವನಿಗೀಗ ಖುಷಿ ಇಲ್ಲ."

"ನಂಗೂ ಇಲ್ಲ. ಬೆಳಿಗ್ಗೆ ಚೀಲಕ್ಕೆ ಹಾಕೋದೇ."

"ಕೆಂಚ ಹೋದ್ರೆ ನಾನೂ ಹೋಗ್ತೀನಿ!"

"ಎಲ್ಲಿಗೇ?"

"ಹುಲಿಕೆರೆಗೇ!" ಎಂದು ಬಾಗಿಲು ಹಾಕಿಕೊಂಡೆ. ಒಳಗೆ ಕೆಂಚನನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಭಾನುವಾರ ಬೆಳಿಗ್ಗೆ ಊದಿಕೊಂಡಿದ್ದ ನನ್ನ ಮುಖ ನೋಡಿ ಅತ್ತೆ ಹರಳೆಣ್ಣೆ ಬಿಸಿ ಮಾಡಿದರು. "ಉಷ್ಣ ಆಗೈತೆ ನಿಂಗೆ. ಬಾ, ತಲೆಗೆ ಎಣ್ಣೆ ಒತ್ತಿ ನೀರು ಹಾಕ್ತೀನಿ. ಬೆಕ್ಕಿನ ಮಾತು ಆಮೇಲೆ." ಬೇಡವೆಂದು ಖಡಾಖಂಡಿತವಾಗಿ ಹೇಳಿದೆ. ಹೇಳಿ, ಹೋಗಿ ಅವರ ಕಾಲ ಬಳಿ ಕೂತೆ. ಅತ್ತೆಯ ಕೈಗುಣವೇ ಅಂಥದ್ದು! ನೆತ್ತಿಗೆ ಪಟಪಟನೆ ಬಡಿದು, ಕಿವಿಯ ಹಿಂದೆ ಉಜ್ಜಿ, ಕತ್ತು ನೀವಿದರು. "ಇಷ್ಟಕ್ಕೆಲ್ಲ ನಾನು ಬಗ್ಗೋಳಲ್ಲ ಅತ್ತೆ" ಎಂದದ್ದಷ್ಟೇ ನೆನಪು.

ಎಚ್ಚರವಾದಾಗ ನನ್ನ ಕೆನ್ನೆ ಅತ್ತೆಯ ಮಂಡಿಯ ಮೇಲಿತ್ತು. ಕೆನ್ನೆಯ ಕೆಳಗೆ ಸೀರೆ ಒದ್ದೆಯಾಗಿತ್ತು. ಎಣ್ಣೆಯಿಂದಲ್ಲ! ಎದುರಿಗೆ ನನ್ನ ಗಂಡ ಗೋಣಿಚೀಲ ಹಿಡಿದು ನಿಂತಿದ್ದರು. ಚೀಲ ನೋಡಿದರು, ನನ್ನನ್ನು ನೋಡಿದರು.

"ಅಮ್ಮಾ, ಇವಳು ಇದ್ರಲ್ಲಿ ಹಿಡಿಸಲ್ಲ."

ಅತ್ತೆ ಸೆರಗಿನಿಂದ ನನ್ನ ಗದ್ದ ಒರೆಸಿದರು. ನನ್ನನ್ನೊಮ್ಮೆ, ಹೊಸ್ತಿಲ ಮೇಲಿದ್ದ ಕೆಂಚನನ್ನೊಮ್ಮೆ ನೋಡಿದರು. "ಚೀಲ ಒಳಗಿಡೋ. ಎರಡೂ ಇಲ್ಲೇ ಬಿದ್ದಿರ್ಲಿ."

ಪ್ರಯೋಗ ಯಶಸ್ವಿಯಾಗಿತ್ತು. ಪ್ರಯೋಗಕ್ಕೆ ಸಿಕ್ಕ ಪ್ರಾಣಿ ನಾನಾಗಿದ್ದೆ, ಅಷ್ಟೇ. ಹಾಗಂತ ಸೋಲೊಪ್ಪಲು ನಾನೇನು ದಡ್ಡಿಯೆ? ಎಣ್ಣೆ ಸುರಿಯುತ್ತಿದ್ದ ತಲೆಯನ್ನು ಎತ್ತಿ, "ಹುಚ್ಚಲ್ಲ ಅಂತ ನಾನು ಹೇಳಿರ್ಲಿಲ್ವಾ ಅತ್ತೆ!" ಎಂದೆ.

"ಬೆಕ್ಕಿಗೆ ಹುಚ್ಚಿಲ್ಲ, ಒಪ್ಕೊಂಡೆ" ಎಂದರು ಅತ್ತೆ. "ನಿನ್ ವಿಷ್ಯದಲ್ಲಿ ನಂಗಿನ್ನೂ ಅನುಮಾನ ಐತೆ. ಏಳು, ನೀರು ಕಾದೈತೆ."